ಮೂಳೆಗೂ ಲೋಹಕ್ಕೂ ಬೆಸುಗೆಯೆ?

ಸಿಮೆಂಟ್ ಬಳಸದ ಕೃತಕ ಸೊಂಟದ ಕೀಲನ್ನು ಕುರಿತ ಜನಪ್ರಿಯ ಬರಹಗಳನ್ನು ನೀವು ಓದಿರಬಹುದು. ಅವುಗಳಲ್ಲಿ ಒಂದು ವಾಕ್ಯ ತಪ್ಪುವುದಿಲ್ಲ: ಮೂಳೆಯು ಟೈಟೇನಿಯಮ್ ಲೋಹದೊಂದಿಗೆ ಬೆಸೆದುಕೊಂಡು ಒಂದಾಗುತ್ತದೆ. ಅದರ ಹಿಂದೆಯೇ ಮೊಲದ ಕತೆ. 1950ರ ದಶಕದಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯಲ್ಲಿ ಕೂರಿಸಿದ್ದ ಟೈಟೇನಿಯಮ್ ಸಾಧನ ಹೊರಬರಲೊಲ್ಲದೆ ಹೋಯಿತು ಎಂಬುದು ಅದರ ಸಾರ. ಕತೆ ಸುಳ್ಳಲ್ಲ. ನನ್ನ ತಕರಾರು ಇರುವುದು ಬೆಸುಗೆ ಎಂಬ ಪದದ ಮೇಲೆ. ನಾನೂ ತರಗತಿಯಲ್ಲಿ ಹಲವು ವರ್ಷ ಅದನ್ನೇ ಹೇಳಿದವನು.

ಬೆಸುಗೆಯಲ್ಲಿ ಎರಡು ಲೋಹಗಳ ಅಂಚು ಕರಗಿ ಪರಮಾಣುಗಳು ಬೆರೆಯುತ್ತವೆ. ಸೊಂಟದಲ್ಲಿ ಅಂಥದ್ದೇನೂ ನಡೆಯದು. ಮೂಳೆಯ ಜೀವಕೋಶಗಳಿಗೆ ಎದುರಾಗುವುದು ಲೋಹವೂ ಅಲ್ಲ, ಅದರ ಮೇಲೆ ತಾನಾಗಿ ಮೂಡುವ, ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರ. ಬ್ರೋನೆಮಾರ್ಕ್ ತಂಡ 1970ರ ದಶಕದಲ್ಲಿ ಬಳಕೆಗೆ ತಂದ 'ಆಸಿಯೋಇಂಟಿಗ್ರೇಷನ್' ಎಂಬ ಪದವೂ ಹೇಳುವುದಿಷ್ಟೆ: ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಜೀವಂತ ಮೂಳೆಗೂ ಸಾಧನಕ್ಕೂ ನಡುವೆ ಮೃದು ಅಂಗಾಂಶ ಕಾಣುವುದಿಲ್ಲ. ಆ ಸೂಕ್ಷ್ಮದರ್ಶಕದ ಪೃಥಕ್ಕರಣದ ಮಿತಿ ಸುಮಾರು 0.2 ಮೈಕ್ರೋಮೀಟರ್ ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ನೆನಪಿಸಬೇಕಾಗಿಲ್ಲ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಹಲವು ಅಧ್ಯಯನಗಳಲ್ಲಿ ಖನಿಜವಿಲ್ಲದ ತೆಳುಪದರವೊಂದು ನಡುವೆ ಕಂಡಿದೆ.

ಹಾಗಾದರೆ ಹಿಡಿತ ಎಲ್ಲಿಂದ? ಸಾಧನದ ಮೇಲ್ಮೈಯನ್ನು ಬೇಕೆಂದೇ ಒರಟಾಗಿಸಿ, ಸುಮಾರು 100ರಿಂದ 400 ಮೈಕ್ರೋಮೀಟರ್ ಅಗಲದ ರಂಧ್ರಗಳಿರುವ ಹೊದಿಕೆ ಕೊಡುತ್ತಾರೆ. ಹಾಳುಗುಡಿಯ ಕಲ್ಲುಸಂದಿಗೆ ಅರಳಿಯ ಬೇರು ಇಳಿದಂತೆ ಹೊಸ ಮೂಳೆ ಆ ರಂಧ್ರಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಬೇರು ಕಲ್ಲಿಗೆ ಅಂಟಿರುವುದಿಲ್ಲ, ಆದರೂ ಕಿತ್ತರೆ ಬಾರದು. ಹೈಡ್ರಾಕ್ಸಿಅಪಟೈಟ್ ಲೇಪಿಸಿದ ಸಾಧನಗಳು ಮಾತ್ರ ಇಲ್ಲಿ ಅಪವಾದ. ಅದು ಮೂಳೆಯ ಖನಿಜಕ್ಕೆ ಹತ್ತಿರದ ವಸ್ತು. ಅಲ್ಲಿ ರಾಸಾಯನಿಕ ಬಂಧದ ಮಾತಿಗೆ ಅರ್ಥವಿದೆ.

ಪದದ ಗೊಡವೆ ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. 'ಟೈಟೇನಿಯಮ್ ತಾನೇ ಬೆಸೆದುಕೊಳ್ಳುತ್ತದೆ' ಎಂದೊಡನೆ ಕಾರಣ-ಪರಿಣಾಮಗಳು ತಲೆಕೆಳಗಾಗುತ್ತವೆ. ಕೀಲು ಅಲುಗದಿರುವುದು ಮೂಳೆ ಹಿಡಿದುಕೊಂಡದ್ದರಿಂದ ಎಂದು ನಾವು ತಿಳಿಯುತ್ತೇವೆ. ಮೊದಲು ಅಲುಗದಿದ್ದರೆ ಮಾತ್ರ ಮೂಳೆ ಹಿಡಿಯುತ್ತದೆ ಎಂಬುದು ನಿಜ. ಕೆನಡಾದ ಪಿಲಿಯರ್ ಮತ್ತು ಸಂಗಡಿಗರು 1986ರಲ್ಲಿ ನಾಯಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದು ಇದನ್ನೇ. ಸಾಧನ ಮತ್ತು ಮೂಳೆಯ ನಡುವಿನ ಚಲನೆ 28 ಮೈಕ್ರೋಮೀಟರ್‌ನಷ್ಟಿದ್ದರೂ ಮೂಳೆ ಒಳಗೆ ಬೆಳೆಯಬಲ್ಲದು. 150 ಅಥವಾ ಅದಕ್ಕಿಂತ ಹೆಚ್ಚಾದರೆ ಅಲ್ಲಿ ಬೆಳೆಯುವುದು ನಾರಿನಂಥ ಅಂಗಾಂಶ. ಈಗ ಬಲವನ್ನು ನೋಡಿ. ಅಳತೆ ಉಪಕರಣ ಅಡಗಿಸಿದ ಕೃತಕ ಕೀಲುಗಳಿಂದ ಬರ್ಲಿನ್ನಿನ ಬರ್ಗ್‌ಮನ್ ತಂಡ ಪಡೆದು 2001ರಲ್ಲಿ ಪ್ರಕಟಿಸಿದ ಅಳತೆಯಂತೆ, ಸಾಮಾನ್ಯ ನಡಿಗೆಯಲ್ಲೇ ಕೀಲಿನ ಮೇಲೆ ದೇಹತೂಕದ ಸುಮಾರು 2.4 ಪಟ್ಟು ಬಲ ಬೀಳುತ್ತದೆ. 60 ಕಿಲೋಗ್ರಾಮ್ ಜನಕ್ಕೆ ಅದು ಸುಮಾರು 1,400 ನ್ಯೂಟನ್. ಮೂಳೆ ಬೆಳೆಯಲು ವಾರಗಳು ಬೇಕು. ಅಲ್ಲಿಯತನಕ ಈ ಬಲದಡಿ ಸಾಧನವನ್ನು ಕೂದಲೆಳೆಯಷ್ಟೂ ಅಲುಗದಂತೆ ಹಿಡಿಯುವುದು ಬರಿಯ ಘರ್ಷಣೆ! ಕುಳಿಯನ್ನು ಸಾಧನಕ್ಕಿಂತ ತುಸು ಚಿಕ್ಕದಾಗಿ ಕೊರೆದು ಸುತ್ತಿಗೆಯಿಂದ ಬಡಿದು ಕೂರಿಸಿದಾಗ, ಹಿಗ್ಗಿದ ಮೂಳೆಯ ಸ್ಥಿತಿಸ್ಥಾಪಕತ್ವವೇ ಆ ಘರ್ಷಣೆಗೆ ಬೇಕಾದ ಲಂಬಬಲವನ್ನು ಒದಗಿಸುತ್ತದೆ. ಮುಪ್ಪಿನಲ್ಲಿ ಟೊಳ್ಳಾದ ತೊಡೆಮೂಳೆ ಈ ಬಡಿತಕ್ಕೆ ಸೀಳಬಹುದು. ವಯಸ್ಸಾದವರಿಗೆ ಅನೇಕ ವೈದ್ಯರು ಇಂದಿಗೂ ಸಿಮೆಂಟ್ ಹಾಕಿದ ದಂಡವನ್ನೇ ಆರಿಸುವುದು ಹಳೆಯ ಪದ್ಧತಿಯ ಮೋಹದಿಂದಲ್ಲ.

ಸಿಮೆಂಟಿನ ಬಗ್ಗೆಯೂ ಇದೇ ತಪ್ಪು ನಡೆದಿದೆ. ಅದು ಅಂಟು ಎಂದು ಬರೆಯುತ್ತಾರೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ ಬಳಕೆಗೆ ತಂದ ಆ ಅಕ್ರಿಲಿಕ್ ಸಿಮೆಂಟ್ ಅಂಟಲ್ಲ, ಸಂದು ತುಂಬುವ ಗಾರೆ. ಮೂಳೆಯ ಸಂದುಗಳಲ್ಲಿ ಗಟ್ಟಿಯಾಗಿ ಅದೂ ಕಚ್ಚಿಕೊಳ್ಳುವುದೇ. 1987ರಲ್ಲಿ 'ಸಿಮೆಂಟ್ ರೋಗ' ಎಂಬ ಹೆಸರೂ ಹುಟ್ಟಿತು. ಕೀಲಿನ ಸುತ್ತ ಮೂಳೆ ಕರಗುವುದಕ್ಕೆ ಸಿಮೆಂಟೇ ಕಾರಣವೆಂದು ದೂರಿದರು. ಸಿಮೆಂಟಿಲ್ಲದ ಕೀಲುಗಳ ಸುತ್ತಲೂ ಮೂಳೆ ಕರಗಿದಾಗ, ಮುಖ್ಯ ಅಪರಾಧಿ ಬಟ್ಟಲಿನ ಪಾಲಿಎಥಿಲೀನ್ ಸವೆದು ಉದುರಿದ ಕಣಗಳೆಂದು ತಿಳಿಯಿತು.

ಇನ್ನು 'ಒಂದಾಗುತ್ತದೆ' ಎಂಬ ಮಾತು. ಗಟ್ಟಿ ಮೂಳೆಯ ಯಂಗ್ ಗುಣಾಂಕ ಸುಮಾರು 15ರಿಂದ 20 ಗಿಗಾಪಾಸ್ಕಲ್, ಟೈಟೇನಿಯಮ್ ಮಿಶ್ರಲೋಹದ್ದು 110, ಕೋಬಾಲ್ಟ್-ಕ್ರೋಮಿಯಮ್‌ನದು 200ಕ್ಕೂ ಮೇಲು. ದುಂಡನೆಯ ದಂಡವು ಬಾಗುವಿಕೆಗೆ ಒಡ್ಡುವ ಬಿಗುವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತೀಯ. 12 ಮಿಲಿಮೀಟರ್ ದಂಡದ ಬದಲು 16ರದ್ದನ್ನು ಹಾಕಿದರೆ ಬಿಗುವು ಮೂರು ಪಟ್ಟಿಗೂ ಹೆಚ್ಚುತ್ತದೆ. ಇಂಥ ದಂಡ ತುದಿಯವರೆಗೂ ಗಟ್ಟಿಯಾಗಿ ಕಚ್ಚಿಕೊಂಡಿತೆನ್ನಿ. ಆಗ ಹೊರೆ ಲೋಹದಲ್ಲೇ ಇಳಿದು ತೊಡೆಮೂಳೆಯ ಕೆಳಭಾಗವನ್ನು ಸೇರುತ್ತದೆ, ಮೇಲ್ಭಾಗಕ್ಕೆ ಕೆಲಸವಿಲ್ಲ. ಕೆಲಸವಿಲ್ಲದ ಮೂಳೆಯನ್ನು ದೇಹ ಉಳಿಸಿಕೊಳ್ಳದು. ಹಿಡಿತ ಚೆನ್ನಾಗಿದ್ದೂ ದಂಡದ ಮೇಲ್ಭಾಗದ ಸುತ್ತಲಿನ ಮೂಳೆ ಎಕ್ಸ್-ರೇ ಚಿತ್ರದಲ್ಲಿ ವರ್ಷಗಳು ಕಳೆದಂತೆ ಮಸುಕಾಗುವುದು ಹೀಗೆ.