ಚಂದ್ರಲೇಖಾ: ತೆಗೆದುಹಾಕಿದ ಮೇಲೆ ಉಳಿದದ್ದು

ಭರತನಾಟ್ಯದಲ್ಲಿ ‘ಹೊಸ ಪ್ರಯೋಗ’ ಎಂದು ಹೆಸರು ಮಾಡುವುದೆಲ್ಲ ಬಹುಪಾಲು ವಸ್ತುವಿನ ಬದಲಾವಣೆ ಅಷ್ಟೆ. ಕೃಷ್ಣನ ಜಾಗದಲ್ಲಿ ಪರಿಸರ ಮಾಲಿನ್ಯ, ವಿರಹಿಣಿಯ ಜಾಗದಲ್ಲಿ ವರದಕ್ಷಿಣೆಗೆ ಬಲಿಯಾದ ಸೊಸೆ. ಅಡವು ಅದೇ, ಹಸ್ತ ಅದೇ, ಕೊನೆಗೊಂದು ತಿಲ್ಲಾನ ಇದ್ದರೂ ಇರುತ್ತದೆ. ಚೆನ್ನೈನ ಚಂದ್ರಲೇಖಾ (1928–2006) ಆ ಗೋಜಿಗೆ ಹೋಗಲಿಲ್ಲ. ಅವರು ಸೇರಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಹೆಚ್ಚು: ಒಡವೆ, ಹುಸಿನಗೆ, ಪುರಾಣದ ಕಥೆ, ನಾಯಕ-ನಾಯಿಕೆಯರು.

ಮಹಾರಾಷ್ಟ್ರದ ವಾಡಾದಲ್ಲಿ ಹುಟ್ಟಿದ ಅವರು ಕಾನೂನು ಓದನ್ನು ಬಿಟ್ಟು ಮದರಾಸಿಗೆ ಬಂದು ಕಾಂಚೀಪುರಂ ಎಲ್ಲಪ್ಪ ಪಿಳ್ಳೆಯವರಲ್ಲಿ ನೃತ್ಯ ಕಲಿತರು. 1952ರಲ್ಲಿ ನಡೆದ ಅವರ ರಂಗಪ್ರವೇಶ ರಾಯಲಸೀಮೆಯ ಬರ ಪರಿಹಾರ ನಿಧಿಗಾಗಿ. ‘ಮಥುರಾ ನಗರಿಲೋ’ ಹಾಡಿಗೆ ಯಮುನೆಯ ನೀರಿನ ಸಮೃದ್ಧಿಯನ್ನು ಅಭಿನಯಿಸುತ್ತಿದ್ದಾಗ ಬಿರುಕು ಬಿಟ್ಟ ನೆಲ, ನೀರಿಗೆ ಕಾದು ನಿಂತ ಜನ ಕಣ್ಣ ಮುಂದೆ ಬಂದು ತಾನು ಸ್ತಬ್ಧಳಾದೆನೆಂದು ಅವರೇ ಹೇಳಿಕೊಂಡಿದ್ದಾರೆ. ಅವರ ಬಗ್ಗೆ ಬರೆಯುವವರೆಲ್ಲ ಈ ಪ್ರಸಂಗಕ್ಕೆ ಬಂದೇ ಬರುತ್ತಾರೆ. ನನಗೆ ಹೆಚ್ಚಿನದೆನಿಸುವುದು, ಅವರು ಬರದ ಮೇಲೊಂದು ನೃತ್ಯರೂಪಕ ಕಟ್ಟಲು ಓಡಲಿಲ್ಲ ಎಂಬುದು. ವರ್ಷಗಳು ಕಳೆದಂತೆ ವೇದಿಕೆಯಿಂದಲೇ ದೂರವಾದರು. ಪೋಸ್ಟರ್ ಮಾಡಿದರು, ಸ್ತ್ರೀ ಚಳವಳಿಯಲ್ಲಿ ದುಡಿದರು, 1982ರಲ್ಲಿ ರಾಜದ್ರೋಹದ ಆರೋಪವನ್ನೂ ಎದುರಿಸಿದರು.

ಮತ್ತೆ ನೃತ್ಯದತ್ತ ತಿರುಗಿದ್ದು 1984ರಲ್ಲಿ, ಮುಂಬಯಿಯ ಪೂರ್ವ-ಪಶ್ಚಿಮ ನೃತ್ಯ ಸಮಾವೇಶದ ಹೊತ್ತಿಗೆ. ಮರುವರ್ಷದ ‘ಆಂಗಿಕ’ದಲ್ಲಿ ಭರತನಾಟ್ಯ, ಯೋಗ, ಕಳರಿಪಯಟ್ಟು ಒಂದೇ ವೇದಿಕೆಗೆ ಬಂದವು. ಇದನ್ನು ಮಿಶ್ರಣ ಎಂದವರಿಗೆ ಅವರ ಉತ್ತರ ಸರಳ: ಮೂರಕ್ಕೂ ಬೆನ್ನುಮೂಳೆ ಒಂದೇ. ‘ಲೀಲಾವತಿ’ಯಲ್ಲಿ (1989) ಭಾಸ್ಕರಾಚಾರ್ಯನ ಲೆಕ್ಕಗಳೇ ಸಾಹಿತ್ಯವಾದವು, ದುಂಬಿ, ತಾವರೆಗಳ ಎಣಿಕೆಗೆ ಹಸ್ತಗಳು ಒದಗಿಬಂದವು. ಅವರ ಕೃತಿಗಳಲ್ಲಿ ನಗು ಸುಳಿಯುವುದು ಅಪರೂಪ. ಇಲ್ಲಿ ಸುಳಿಯುತ್ತದೆ.

‘ಶ್ರೀ’ಯಲ್ಲಿ ಹೆಂಗಸರು ಬೆನ್ನು ಮುರಿದವರಂತೆ ಬಾಗಿ, ಮೊಣಕಾಲು ಮಡಿಸಿ, ತಲೆಯೆತ್ತದೆ ಸಾಲಾಗಿ ಸಾಗುತ್ತಾರೆ. ಆ ನಡಿಗೆ ಮುಗಿಯುವುದೇ ಇಲ್ಲವೇನೋ ಅನ್ನಿಸುವಷ್ಟು ನಿಧಾನ. ದಬ್ಬಾಳಿಕೆ ನಡೆಸುವ ಗಂಡು ಯಾರೆಂದು ಎಲ್ಲೂ ತೋರಿಸುವುದಿಲ್ಲ. ಪ್ರೇಕ್ಷಕನಿಗೆ ತನ್ನ ಬೆನ್ನೇ ನೋಯತೊಡಗುತ್ತದೆ. ಹತ್ತು ಭಾಷಣ ಮಾಡದ ಕೆಲಸ ಅದು. ಆದರೆ ಅದೇ ಕೃತಿ ಕೊನೆಗೆ ಬಹುಭುಜದ ದೇವಿಯ ಆಕೃತಿಗೆ ಹೋಗಿ ಸೇರುತ್ತದೆ. ಕಥೆಯನ್ನು ಬಾಗಿಲಾಚೆ ನಿಲ್ಲಿಸಿದವರು ಪ್ರತಿಮೆಯನ್ನು ಹಿತ್ತಿಲಿಂದ ಒಳಗೆ ಬಿಟ್ಟರೇ? ನನಗೆ ಆ ದೇವಿಗಿಂತ ಬಾಗಿದ ಬೆನ್ನುಗಳೇ ನಿಜ.

2001ರ ‘ಶರೀರ’ದಲ್ಲಿ ಈ ಸಂದೇಹ ಏಳುವುದಿಲ್ಲ. ಒಬ್ಬ ಹೆಣ್ಣು, ಒಬ್ಬ ಗಂಡು, ಗುಂದೇಚಾ ಸಹೋದರರ ಧ್ರುಪದ. ನೆಲದ ಮೇಲೆ ಕೂತ ಹೆಣ್ಣಿನ ತೊಡೆಗಳು ಆಲಾಪದ ಗತಿಯಲ್ಲೇ ಬಿಚ್ಚಿಕೊಳ್ಳುತ್ತವೆ, ತ್ರಿಕೋನವೊಂದು ಮೂಡುತ್ತದೆ. ಕಾಮ ಇಲ್ಲಿ ಕದ್ದುನೋಡುವ ವಸ್ತುವಲ್ಲ, ಭಕ್ತಿಯ ಹೊದಿಕೆಯೂ ಅದಕ್ಕಿಲ್ಲ.

ತಕರಾರು ಇರುವುದು ಅವರ ಸಿದ್ಧಾಂತದ ಬಗ್ಗೆ. ದೇಹವೇ ಮೂಲ, ನೃತ್ಯ-ಯುದ್ಧಕಲೆ-ಯೋಗಗಳ ಬೇರು ಒಂದೇ ಎನ್ನುವಾಗ ಅವರು ಬಹಳ ಹಿಂದಿನ ಕಾಲಕ್ಕೆ ಜಿಗಿಯುತ್ತಾರೆ. ಆ ಜಿಗಿತದಲ್ಲಿ ತೀರ ಹತ್ತಿರದ ಚರಿತ್ರೆ ದಾಟಿಹೋಗುತ್ತದೆ. ದೇವದಾಸಿಯರ ಪದ-ಜಾವಳಿಗಳ ಶೃಂಗಾರ ಹುಬ್ಬಿನಲ್ಲಿ, ತುಟಿಯಂಚಿನಲ್ಲಿ, ಸಾಹಿತ್ಯದ ಒಂದೇ ಸಾಲಿಗೆ ಹತ್ತು ಬಗೆಯ ಸಂಚಾರಿ ಮಾಡುವ ಚಾತುರ್ಯದಲ್ಲಿತ್ತು. ಮಡಿವಂತರು ಅದನ್ನು ಅಶ್ಲೀಲವೆಂದು ತೊಳೆದರು. ಚಂದ್ರಲೇಖಾ ಆ ಮಡಿವಂತಿಕೆಗೆ ವೈರಿ, ದೇವದಾಸಿ ಪರಂಪರೆಯ ನರ್ತಕಿ ಬಾಲಸರಸ್ವತಿಯವರ ಬಗ್ಗೆ ಅಪಾರ ಗೌರವ ಇದ್ದವರು. ಹಾಗಿದ್ದೂ ಅವರ ಕೃತಿಗಳಲ್ಲಿ ಮುಖ ಮೌನವಾಗಿದೆ. ಕಾರಣ ಬೇರೆ, ನಷ್ಟ ಮಾತ್ರ ಅದೇ. ಮುಖವೂ ದೇಹದ ಭಾಗವೇ ಅಲ್ಲವೇ?

ಅವರ ದಾರಿಯನ್ನು ಮುಂದುವರಿಸಿದವರಲ್ಲಿ, 1991ರಿಂದ ಒಂದು ದಶಕ ಅವರ ತಂಡದಲ್ಲಿದ್ದ ಪದ್ಮಿನಿ ಚೆಟ್ಟೂರ್ ಮುಖ್ಯರು. ಗುರುವಿನ ಮೇಲೆ ಗುರುವಿನದೇ ಕತ್ತರಿ ಆಡಿಸಿದವರು ಅವರು: ದೇವಿ, ಮಂಡಲ, ಯಂತ್ರಗಳೆಲ್ಲ ಹೋದವು. ‘ಪೇಪರ್‌ಡಾಲ್’, ‘ಪುಶ್ಡ್’ಗಳಲ್ಲಿ ಭಾರ, ಕೀಲು, ಅಂತರ ಇಷ್ಟೇ ಉಳಿದಿವೆ. ನೋಡಲು ಇನ್ನೂ ಕಷ್ಟ, ಮೋಹ ಕಡಿಮೆ. ಆದರೆ 1985ರಲ್ಲಿ ಶುರುವಾದ ತರ್ಕ ಅಲ್ಲಿ ಹೆಚ್ಚು ಪ್ರಾಮಾಣಿಕವಾಗಿದೆ. ಚಂದ್ರಲೇಖಾರ ಚೌಕಟ್ಟುಗಳನ್ನೇ ಹಾಗೆಹಾಗೇ ಎತ್ತಿಕೊಂಡು, ಒಂದಿಷ್ಟು ಕಳರಿ ಬೆರೆಸಿ ‘ಸಮಕಾಲೀನ’ ಎನ್ನುವ ಪ್ರದರ್ಶನಗಳ ಬಗ್ಗೆ ಆ ಮಾತು ಹೇಳಲಾರೆ.