ಚೆಲ್ಲಿದ ಮುತ್ತುಗಳು

ಸಂಧಿಯ ನೆವದಿಂದ ಹಸ್ತಿನಾವತಿಗೆ ಬಂದ ಕೃಷ್ಣನು ಕರ್ಣನನ್ನು ಏಕಾಂತದಲ್ಲಿ ಕಂಡು, ಅವನ ಹುಟ್ಟನ್ನು ತಿಳಿಸಿ, ರಾಜ್ಯವೆಲ್ಲ ನಿನ್ನದೇ ಎಂದು ಆಸೆ ತೋರಿಸುವ ಸಂದರ್ಭವನ್ನು ವಾಚಕರು ಬಲ್ಲರು. ಪಂಪನ 'ವಿಕ್ರಮಾರ್ಜುನ ವಿಜಯ'ದ ಒಂಬತ್ತನೆಯ ಆಶ್ವಾಸದಲ್ಲಿ ಕರ್ಣನು ಇದಕ್ಕೆ ಕೊಡುವ ಉತ್ತರದಲ್ಲಿ ಒಂದು ಪದ್ಯವುಂಟು. ನೆತ್ತದಾಟದಲ್ಲಿ ಭಾನುಮತಿಯು ಸೋತಳು. ಸೋತ ಪಣವನ್ನು ಕೊಡೆಂದು ಕಾಡುತ್ತಿರುವಾಗ ಹಾರವು ಹರಿದು ಮುತ್ತುಗಳು ಚೆಲ್ಲಿದವು. ದುರ್ಯೋಧನನು ಸ್ವಲ್ಪವೂ ಮುನಿಯದೆ, ಇವನ್ನು ಆಯ್ದುಕೊಡಲೋ ಎಂದು ಕೇಳಿದನು. ಅಂಥವನನ್ನು ತೊರೆದು ನಿಮ್ಮಲ್ಲಿಗೆ ಬಂದರೆ ನಾನು ಹೀನನಾಗುವುದಿಲ್ಲವೇ ಎಂಬುದು ಕರ್ಣನ ಮಾತಿನ ತಾತ್ಪರ್ಯ.

ಈ ಪದ್ಯವನ್ನು ಕುರಿತು ವಿದ್ವಾಂಸರಲ್ಲಿ ನಡೆದಿರುವ ಚರ್ಚೆ ಸಣ್ಣದಲ್ಲ. ಆಡಿದವರು ಕರ್ಣ ಭಾನುಮತಿಯರೋ, ಅಥವಾ ಗಂಡಹೆಂಡಿರು ಆಡುತ್ತಿರಲು ಕರ್ಣನು ಬಳಿಯಲ್ಲಿದ್ದನೋ ಎಂದು ಪ್ರಶ್ನೆ. ನನಗೆ ಹಳೆಯ ಅರ್ಥವೇ ಒಪ್ಪಿಗೆ. ತಮಿಳಿನ ವಿಲ್ಲಿಪುತ್ತೂರರೂ ಈ ಪ್ರಸಂಗವನ್ನು ಬಲ್ಲರು, ಅಲ್ಲಿ ಕರ್ಣನು ಅದನ್ನು ಕುಂತಿಗೆ ಹೇಳುತ್ತಾನೆ. ಆದರೆ ಆಡಿದವರಾರೆಂಬ ಗದ್ದಲದಲ್ಲಿ ಇನ್ನೊಂದು ಪ್ರಶ್ನೆಯು ಮರೆಗೆ ಸರಿದಿದೆ. ಅಂಗರಾಜ್ಯವನ್ನೇ ಪಡೆದವನು ಇಂತಹ ಗಳಿಗೆಯಲ್ಲಿ ನೆಲದ ಮೇಲೆ ಚೆಲ್ಲಿದ ಮುತ್ತುಗಳನ್ನೇಕೆ ನೆನೆದನು?

ಅಂಗರಾಜ್ಯದ ದಾನದಲ್ಲಿ ಲೆಕ್ಕವಿತ್ತು. ಅರ್ಜುನನಿಗೆ ಇದಿರು ನಿಲ್ಲುವ ಬಿಲ್ಲಾಳು ಕೊಟ್ಟವನಿಗೆ ಬೇಕಾಗಿದ್ದನು. ಪಡೆದವನೂ ಅದನ್ನು ಅರಿತೇ ಪಡೆದನು. ಅಂತಹ ಋಣವನ್ನು ರಣರಂಗದಲ್ಲಿ ತೀರಿಸಬಹುದು. ಮುತ್ತುಗಳನ್ನು ಆಯಲೆಂದವನಿಗೆ ಏನು ಲಾಭವಿತ್ತು? ಹೆಂಡತಿಯ ಮುಂದೆ ಗೆಳೆಯನು ನಾಚಿ ಕುಗ್ಗಬಾರದು, ಅಷ್ಟೇ. ಸಂಶಯಪಡುವುದಕ್ಕೂ ಸಿಟ್ಟಾಗುವುದಕ್ಕೂ ಎಡೆಯಿದ್ದಾಗ ಬಾಗುವುದಕ್ಕೆ ಸಿದ್ಧನಾದ ಆ ಸೌಜನ್ಯಕ್ಕೆ ಪ್ರತಿಯಾಗಿ ಕರ್ಣನು ಏನನ್ನು ಕೊಟ್ಟಾನು? ನಮ್ಮ ಮನೆಗಳಲ್ಲಿ ನೆರೆಯವರು ಹುಳಿ ಕಳುಹಿಸಿದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸುವ ವಾಡಿಕೆಯಿಲ್ಲ; ಒಂದು ಹಿಡಿ ಅವಲಕ್ಕಿಯನ್ನೋ ನಾಲ್ಕು ಬಾಳೆಯ ಹಣ್ಣನ್ನೋ ಇಟ್ಟೇ ಕೊಡುತ್ತೇವೆ. ಆದರೆ ಮಗುವಿಗೆ ಜ್ವರ ಬಂದ ರಾತ್ರಿ ಪಕ್ಕದ ಮನೆಯಾಕೆ ಬಂದು ಕುಳಿತಿದ್ದಕ್ಕೆ ಯಾವ ಬಟ್ಟಲಿದೆ? ಕರ್ಣನ ಸಂಕಟವೂ ಈ ಜಾತಿಯದು.

ಮೂಲ ಭಾರತದ ಉದ್ಯೋಗಪರ್ವದಲ್ಲಿ ಮುತ್ತುಗಳ ಮಾತಿಲ್ಲ. ಅಲ್ಲಿ ಕರ್ಣನು ಮೊದಲು ನೆನೆಯುವುದು ಸಾಕಿದ ತಂದೆತಾಯಿಗಳನ್ನು: ತನ್ನನ್ನು ಕಂಡೊಡನೆ ರಾಧೆಯ ಎದೆಯಲ್ಲಿ ಹಾಲು ಬಂದುದನ್ನು, ಆಕೆ ತನ್ನ ಮಲಮೂತ್ರಗಳನ್ನು ತೆಗೆದುದನ್ನು. ದುರ್ಯೋಧನನ ಆಶ್ರಯದಲ್ಲಿ 13 ವರ್ಷ ರಾಜ್ಯವನ್ನುಂಡ ಮಾತು ಆಮೇಲೆ ಬರುತ್ತದೆ. ವ್ಯಾಸರ ಈ ಕ್ರಮವು ಎಷ್ಟು ಸಹಜವಾಗಿದೆ! ಕುಮಾರವ್ಯಾಸನ ಕರ್ಣನಿಗಾದರೋ ದುರ್ಯೋಧನನು ತನ್ನನ್ನು ಸಲಹಿದ ಒಡೆಯನು; ಒಡೆಯನ ಹಗೆಗಳನ್ನು ಇರಿಯುವುದೇ ಉಂಡ ಅನ್ನಕ್ಕೆ ಸಲ್ಲತಕ್ಕ ಕಾಣಿಕೆ. ಆ ಭಾಗದ ಶೋಕವು ದೊಡ್ಡದು, ನಿಜ. ಆದರೂ ಅಲ್ಲಿ ಕೇಳುವುದು ಆಳಿನ ಧ್ವನಿ. ಪಂಪನಲ್ಲಿ ಕೇಳುವುದು ಗೆಳೆಯನ ಧ್ವನಿ. ತಾಯಿಯಲ್ಲದವಳ ಆರೈಕೆಯಲ್ಲಿ ವ್ಯಾಸರು ಕಂಡ ಮೃದುತ್ವವನ್ನು ಪಂಪನು ಅರಸನೊಬ್ಬನ ಅಂತಃಪುರದಲ್ಲಿ ಕಂಡನೆಂದು ತೋರುತ್ತದೆ.

ಇಷ್ಟಕ್ಕೇ ಮೆಚ್ಚಿ ಸುಮ್ಮನಾಗುವಂತಿಲ್ಲ. ಮುತ್ತುಗಳನ್ನು ಆಯುವೆನೆಂದವನೇ ದ್ರೌಪದಿಯನ್ನು ಸಭೆಗೆ ಎಳೆಯಿಸಿದವನು. ಗೆಳೆಯನ ಮುಂದೆ ಅಷ್ಟು ಮೃದುವಾದವನು ಪರರ ಹೆಣ್ಣಿನ ಮುಂದೆ ಹೀಗಾದುದೇಕೆ? ಅದನ್ನು ಬಲ್ಲ ಕರ್ಣನು ಮನೆಯೊಳಗಿನ ಒಂದು ಸೌಜನ್ಯಕ್ಕಾಗಿ ಹೊರಗಿನ ಅಷ್ಟು ಅನ್ಯಾಯದ ಪಕ್ಷದಲ್ಲಿ ನಿಲ್ಲಬಹುದಿತ್ತೇ? ನಿಲ್ಲಬಾರದಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಪಂಪನು ಇಲ್ಲಿ ನ್ಯಾಯಾಧಿಪತಿಯಾಗಿ ಕುಳಿತಿಲ್ಲ. ಉಪಕಾರವನ್ನು ಮರೆಯಲಾರದವನ ಕೊರಳಿಗೆ ಆ ನೆನಪೇ ಹೇಗೆ ಉರುಳಾಗಬಹುದೆಂಬುದನ್ನು ತೋರಿಸಿ ಮುಂದೆ ಹೋಗುತ್ತಾನೆ; ಕರ್ಣನನ್ನು ಹಗುರಮಾಡುವುದೂ ಇಲ್ಲ.

ಅಷ್ಟೇ ಅಲ್ಲ. ಈ ಕಾವ್ಯದ ನಾಯಕನು ಅರ್ಜುನ. ಅರ್ಜುನನಲ್ಲಿ ಕವಿಯು ತನ್ನ ಒಡೆಯನಾದ ಅರಿಕೇಸರಿಯನ್ನೇ ಕಂಡಿದ್ದಾನೆ. ಹಾಗಿದ್ದೂ ಕರ್ಣನು ಮಡಿದಾಗ, ಭಾರತದಲ್ಲಿ ಯಾರನ್ನಾದರೂ ನೆನೆಯುವುದಾದರೆ ಕರ್ಣನನ್ನು ನೆನೆಯಿರೆಂದು ಹೇಳಲು ಹಿಂಜರಿಯಲಿಲ್ಲ. ಅದನ್ನು ಕೇಳಿದ ಅರಿಕೇಸರಿಯ ಮುಖವು ಹೇಗಿತ್ತೆಂದು ಪಂಪನು ಬರೆದಿಲ್ಲ; ಧರ್ಮಪುರದ ಅಗ್ರಹಾರವನ್ನು ಅವನು ತನಗೆ ಕೊಟ್ಟುದನ್ನು ಕಾವ್ಯದ ಕೊನೆಯಲ್ಲಿ ಬರೆದಿದ್ದಾನೆ.