ಚಾಕುವಿನ ಬೆನ್ನಿಗೆ ಏಟು

ಮಡಚುವ ಚಾಕು ಕೊಂಡವರಲ್ಲಿ ಹಲವರಿಗೆ ಒಂದು ಚಟ: ತೆರೆದ ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ರಪರಪ ಬಡಿಯೋದು. ಲಾಕ್ ಬಿಚ್ಚಿಕೊಳ್ಳದಿದ್ರೆ ಚಾಕು ಪಾಸು! ನಾನೂ ಬಡಿದವನೇ. ನನ್ನ ಲೈನರ್ ಲಾಕ್ ಇಪ್ಪತ್ತು ಏಟಿಗೂ ಜಗ್ಗಲಿಲ್ಲ. ಮುಂದಿನ ವಾರ ಹಲಸಿನ ಹಣ್ಣು ಬಿಡಿಸುವಾಗ ಅದೇ ಚಾಕು ನನ್ನ ತೋರುಬೆರಳ ಮೇಲೆ ಮಡಚಿಕೊಂಡಿತು.

ಯಾಕೆ? ಲೈನರ್ ಲಾಕಿನಲ್ಲಿ ಹಿಡಿಯೊಳಗಿನ ತೆಳು ಲೋಹದ ಪಟ್ಟಿ ಸರಿದು ಬಂದು ಅಲಗಿನ ಬುಡಕ್ಕೆ ಆನಿಕೊಂಡು ನಿಲ್ಲುತ್ತೆ. ಅಲ್ಲಿ ಹಲಸಿನ ಮೇಣ ಸೇರಿ ಪಟ್ಟಿ ಅರ್ಧಕ್ಕೇ ನಿಂತಿತ್ತು. ಸಾಲದ್ದಕ್ಕೆ, ಸಿಕ್ಕಿಕೊಂಡ ಅಲಗನ್ನು ನಾನು ತಿರುಚಿ ಎಳೆದಿದ್ದೆ. ಮೇಣ, ತಿರುಚು ಎರಡನ್ನೂ ಮೇಜಿನ ಏಟು ಪರೀಕ್ಷಿಸಿರಲಿಲ್ಲ. ಜೋರು ಏಟಿಗೆ ಒಳ್ಳೆ ಲಾಕೂ ಕೆಡಬಹುದು.

ಹಾಗಂತ 'ಕೊಯ್ಯುವಾಗ ಬೆನ್ನಿಗೆ ಬಲ ಬೀಳಲ್ಲ, ಪರೀಕ್ಷೆಯೇ ಬೇಡ' ಅನ್ನೋರ ಮಾತೂ ಒಪ್ಪಲಾರೆ. ಸಿಕ್ಕಿಕೊಂಡ ಅಲಗನ್ನು ಕೀಳುವಾಗ ಬಲ ಬೀಳೋದು ಬೆನ್ನಿಗೇ. ಆದ್ರೆ ಅದು ಏಟಲ್ಲ, ಒತ್ತಡ. ಹಾಗಾಗಿ ಈಗ ನಾನು ದಪ್ಪ ಕೈಗವಸು ತೊಟ್ಟು, ಅಲಗು ಮಡಚುವ ದಾರಿಯಲ್ಲಿ ಬೆರಳಿಡದೆ, ಬೆನ್ನನ್ನು ಮರದ ತುಂಡಿಗೆ ನಿಧಾನವಾಗಿ ಒತ್ತುತ್ತೇನೆ; ಹಿಡಿಯನ್ನು ಎಡಬಲಕ್ಕೆ ತುಸು ತಿರುಚುತ್ತೇನೆ; ಪಟ್ಟಿ ಪೂರ್ತಿ ಕೂತಿದೆಯಾ ಅಂತ ಕಣ್ಣಾರೆ ನೋಡುತ್ತೇನೆ. ಕೊಂಡ ದಿನ ಮಾತ್ರ ಅಲ್ಲ, ಮೇಣ–ಮಣ್ಣಿನ ಕೆಲಸ ಮುಗಿಸಿ ತೊಳೆದಾಗಲೆಲ್ಲ.

ಇಷ್ಟಾದರೂ ಗ್ಯಾರಂಟಿ ಇಲ್ಲ. ಫ್ರಾನ್ಸಿನ ಓಪಿನೆಲ್ ಚಾಕು 1890ರದು. ತಿರುಗುವ ಉಂಗುರದ ಲಾಕ್ ಅದಕ್ಕೆ ಬಂದದ್ದು 1955ರಲ್ಲಿ. ಅಲ್ಲಿವರೆಗೆ ಬಳಸಿದವರಿಗೆ ಎಚ್ಚರವೇ ಲಾಕ್. ಪಾಸಾದ ಚಾಕು ಮೊದಲು ಮರೆಸೋದು ಅದನ್ನೇ.